ಕಬಿನಿಯ ಎರಡು ದಡ ಮತ್ತು ಒಂದು ಕರಿಯ ಕಂಬಳಿ

ವಯನಾಡು ಜಿಲ್ಲೆಯ ಭೂಮಿ ಕರ್ನಾಟಕದ ಕಡೆಗೆ ಇಳಿಯುವ ಅಂಚಿನಲ್ಲಿ ಮುಳ್ಳನ್ಕೊಲ್ಲಿ ಇದೆ. ಪುಲ್ಪಳ್ಳಿಯ ಸೀತಾ-ಲವಕುಶ ದೇವಾಲಯವನ್ನು ದಾಟಿ ಬರುವ ದಾರಿ ಕಾಳುಮೆಣಸಿನ ಬಳ್ಳಿ, ಕಾಫಿ ಗಿಡ, ಅಡಿಕೆಮರಗಳ ನಡುವೆ ಸಾಗಿ, ಪೆರಿಕ್ಕಲ್ಲೂರಿನ ಕಡವಿನಲ್ಲಿ ಕಬಿನಿಯ ನೀರಿಗೆ ಮುಟ್ಟಿ ನಿಲ್ಲುತ್ತದೆ. ಎದುರಿನ ದಡ ಬೈರಕುಪ್ಪೆ. ಅದು ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿಗೆ ಸೇರಿದ್ದು. ನಡುವೆ ಇರುವುದು ಕೆಲವೇ ನಿಮಿಷಗಳ ದೋಣಿಪಯಣ. 1956ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಮದರಾಸಿನ ಮಲಬಾರಿಗೂ ಮೈಸೂರಿಗೂ ಎಲ್ಲೆಯಾಗಿದ್ದ ನದಿ ಇಂದು ಕೇರಳಕ್ಕೂ ಕರ್ನಾಟಕಕ್ಕೂ ಎಲ್ಲೆಯಾಗಿದೆ. ಎಲ್ಲೆಯ ಹೆಸರು ಬದಲಾದರೂ ದೋಣಿಯಲ್ಲಿ ಎರಡು ಭಾಷೆಗಳು ಜೊತೆಯಾಗಿ ಕೂರುವುದು ನಿಂತಿಲ್ಲ.

ಈ ದಡದಲ್ಲಿ ಹಸುವಿದೆ, ಆಡಿದೆ. ಕುರಿಮಂದೆ ಮಾತ್ರ ಕಾಣಸಿಗುವುದಿಲ್ಲ. ಅದಕ್ಕೆ ಕಾರಣ ಮಳೆ. ಕುರಿ ಒಣನೆಲದ ಪ್ರಾಣಿ. ತಿಂಗಳುಗಟ್ಟಲೆ ತೇವದಲ್ಲಿ ನಿಂತರೆ ಅದರ ಗೊರಸು ಕೊಳೆಯುತ್ತದೆ. ಜೌಗು ಹುಲ್ಲಿನೊಡನೆ ಹೊಟ್ಟೆ ಸೇರುವ ಜಂತುಗಳು ಮಂದೆಯನ್ನೇ ಸೊರಗಿಸುತ್ತವೆ. ಕೇರಳಕ್ಕೆ ಮಲಬಾರಿ, ಅಟ್ಟಪ್ಪಾಡಿ ಎಂಬ ಹೆಸರಾಂತ ಆಡುತಳಿಗಳಿವೆ. ಕರ್ನಾಟಕದ ಬಳ್ಳಾರಿ, ಡೆಕ್ಕನಿ, ಹಾಸನ, ಮಂಡ್ಯ, ಕೆಂಗುರಿ ತಳಿಗಳ ಸಾಲಿನಲ್ಲಿ ನಿಲ್ಲುವಂಥ ಕುರಿತಳಿ ಅಲ್ಲಿ ಬೆಳೆದು ಬಂದಿಲ್ಲ.

ಆದರೂ ಕುರಿಯಿಲ್ಲದ ಈ ನಾಡಿನಲ್ಲಿ ಕುರಿಯ ಉಣ್ಣೆಗೆ ದೊಡ್ಡ ಗೌರವವಿತ್ತು. ಮಲಯಾಳದಲ್ಲಿ ಕರಿಯ ಕಂಬಳಿಗೆ ‘ಕರಿಂಬಡಂ’ ಎನ್ನುತ್ತಾರೆ. ಕೇರಳದ ಹಳೆಯ ವಿಧಿಗಳಲ್ಲಿ ಕರಿಂಬಡವನ್ನು ಹಾಸಿ, ಅದರ ಮೇಲೆ ಬಿಳಿಯ ಬಟ್ಟೆಯನ್ನು ಹರಡಿ ಪೂಜೆಯ ಪೀಠವನ್ನೋ ಗೌರವದ ಆಸನವನ್ನೋ ಸಿದ್ಧಪಡಿಸುವ ಪದ್ಧತಿಯಿದೆ. ಘಟ್ಟದ ಆಚೆ, ಕನ್ನಡನಾಡಿನ ಹಾಲುಮತದವರು ಬೀರೇಶ್ವರನಿಗೂ ಮೈಲಾರಲಿಂಗನಿಗೂ ನಡೆದುಕೊಳ್ಳುವಾಗ ಕಂಬಳಿಯನ್ನೇ ಗದ್ದುಗೆಯಾಗಿ ಹಾಸುತ್ತಾರೆ. ಎರಡು ಭಾಷೆಗಳ ಜನ ದೇವರ ಮುಂದೆ ಹಾಸಿದ್ದು ಒಂದೇ ಬಗೆಯ ನೇಯ್ಗೆಯನ್ನು. ಮಂದೆಗಳಿಲ್ಲದ ನಾಡಿಗೆ ಆ ನೇಯ್ಗೆ ಬಯಲುಸೀಮೆಗಳಿಂದಲೇ ಬರಬೇಕಾಗಿತ್ತು.

ಇಲ್ಲಿ ಮಕ್ಕಳಿಗೆ ಹೇಳಬೇಕಾದ ಒಂದು ಮಾತಿದೆ. ಬೈರಕುಪ್ಪೆಯ ಸುತ್ತಣ ಕಾಡಿನ ಅಂಚಿನಲ್ಲಿ ಜೇನುಕುರುಬರೂ ಬೆಟ್ಟಕುರುಬರೂ ವಾಸಿಸುತ್ತಾರೆ, ವಯನಾಡಿನಲ್ಲಿ ಮುಳ್ಳುಕುರುಮರಿದ್ದಾರೆ. ಹೆಸರು ಕೇಳಿ ಇವರನ್ನು ಕುರಿ ಕಾಯುವವರೆಂದು ತಿಳಿಯುವುದು ತಪ್ಪು. ಜೇನುಕುರುಬರದು ಜೇನಿನ ಬದುಕು. ಬೆಟ್ಟಕುರುಬರು ಬಿದಿರಿನ ಕೆಲಸಕ್ಕೆ ಹೆಸರಾದವರು. ಇವರಾರ ಬದುಕೂ ಮಂದೆಯನ್ನು ನಂಬಿದ್ದಲ್ಲ. ಕುರಿ ಕಾಯುವ ಕುರುಬರ ಹಟ್ಟಿಗಳು ಇರುವುದು ಇನ್ನೂ ಕೆಳಗಿನ ಬಯಲಿನಲ್ಲಿ.

ಆ ಬಯಲಿಗೆ ದಾರಿ ತೋರಿಸುವುದು ಕಬಿನಿಯೇ. ಪೆರಿಕ್ಕಲ್ಲೂರನ್ನು ದಾಟಿದ ನೀರು ಬೀಚನಹಳ್ಳಿಯ ಅಣೆಕಟ್ಟಿನಲ್ಲಿ ತಂಗಿ, ನಂಜನಗೂಡನ್ನು ಬಳಸಿ, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಅದೇ ತಾಲ್ಲೂಕಿನ ಬನ್ನೂರಿನ ಹೆಸರಿನಿಂದ ಪ್ರಸಿದ್ಧವಾದ ಕುರಿಯೇ ಮಂಡ್ಯ ತಳಿಯ ಕುರಿ. ಬಂಡೂರು ಕುರಿಯೆಂದೂ ಅದನ್ನು ಕರೆಯುತ್ತಾರೆ. ಗಿಡ್ಡ ಕಾಲು, ತುಂಬಿದ ಮೈ, ಬಿಳಿಯ ಮೈಬಣ್ಣ, ಕೆಲವೊಮ್ಮೆ ಮುಖದ ಮೇಲೆ ಕಂದುಬಣ್ಣ. ಅದರ ಕೀರ್ತಿಯೆಲ್ಲ ಮಾಂಸದ್ದು, ಉಣ್ಣೆ ಅಲ್ಪ. ಹೀಗಾಗಿ ನದಿಯನ್ನು ಹಿಂಬಾಲಿಸಿದವನಿಗೆ ಕುರಿ ಸಿಕ್ಕರೂ ಕಂಬಳಿ ಸಿಕ್ಕುವುದಿಲ್ಲ. ಕಂಬಳಿಗಾಗಿ ಅವನು ಇನ್ನೂ ಉತ್ತರಕ್ಕೆ, ಚಿತ್ರದುರ್ಗದ ಒಣನೆಲಕ್ಕೆ ಹೋಗಬೇಕು.

ಅಲ್ಲಿನ ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ಕರಿಯ ಉಣ್ಣೆಯ ಕುರಿಗಳ ಮೈಯನ್ನು ವರ್ಷಕ್ಕೆ ಎರಡು ಬಾರಿ ಕತ್ತರಿಸುತ್ತಾರೆ. ಒಂದು ಕುರಿಯಿಂದ ವರ್ಷಕ್ಕೆ ದೊರೆಯುವ ತುಪ್ಪಟ ಒಂದು ಕಿಲೋ ಕೂಡ ತೂಗುವುದಿಲ್ಲ. ಅದನ್ನು ಬಿಲ್ಲಿನಿಂದ ಎಕ್ಕಿ, ಹೆಂಗಸರು ನೂಲು ತೆಗೆದು, ಹಾಸಿನ ನೂಲಿಗೆ ಹುಣಸೆಬೀಜದ ಗಂಜಿಯನ್ನು ಬಳಿದು ಒಣಗಿಸಿ, ಗುಂಡಿಮಗ್ಗದಲ್ಲಿ ನೇಯುತ್ತಾರೆ. ಬಣ್ಣ ಹಾಕುವುದಿಲ್ಲ, ಕುರಿಯ ಬಣ್ಣವೇ ಕಂಬಳಿಯ ಬಣ್ಣ. ಉಣ್ಣೆಯ ಎಳೆ ತನ್ನ ತೂಕದ ಸುಮಾರು ಮೂರನೆಯ ಒಂದರಷ್ಟು ತೇವವನ್ನು ಒಳಗೆಳೆದುಕೊಂಡರೂ ಒದ್ದೆಯೆನಿಸುವುದಿಲ್ಲ. ಆದ್ದರಿಂದಲೇ ಮಲೆನಾಡಿನ ಗದ್ದೆಗಳಲ್ಲಿ ಕಂಬಳಿಕೊಪ್ಪೆ ಹಾಕಿಕೊಂಡವರು ಮಳೆಯಲ್ಲಿಯೇ ದುಡಿಯುತ್ತಿದ್ದರು. ಮಳೆ ಕಾಣದ ನಾಡಿನ ಕುರಿ ಮಳೆನಾಡಿನ ಬೆನ್ನನ್ನು ಕಾಯುತ್ತಿತ್ತು.

ಆ ಕಂಬಳಿಯ ಬೇಡಿಕೆ ಒಂದೇ ದಿನದಲ್ಲಿ ಕುಸಿಯಲಿಲ್ಲ. 1884ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಉಣ್ಣೆಯ ಹೊದಿಕೆಯನ್ನು ಯಂತ್ರದಲ್ಲಿ ನೇಯತೊಡಗಿತು. ಅನಂತರ ಪಾಣಿಪತ್ತಿನ ಗಿರಣಿಗಳು ಹಳೆಯ ಬಟ್ಟೆಯನ್ನು ಹರಿದು ಮತ್ತೆ ನೂತ ಅಗ್ಗದ ಹೊದಿಕೆಗಳನ್ನು ದೇಶದ ಸಂತೆಗಳಿಗೆಲ್ಲ ಕಳುಹಿಸಿದವು. ಗದ್ದೆಗೆ ಪ್ಲಾಸ್ಟಿಕ್ ಹಾಳೆ ಬಂತು, ಹಾಸಿಗೆಗೆ ಅಕ್ರಿಲಿಕ್ ಬಂತು. ಕಂಬಳಿ ಕೈಮಗ್ಗದಲ್ಲಿ ಉಳಿಯಿತು. ಕೊಳ್ಳುವ ಕೈ ದೂರವಾಯಿತು.

ಅಂಕಿಗಳು ಇನ್ನೂ ಸ್ಪಷ್ಟವಾಗಿ ಮಾತನಾಡುತ್ತವೆ. 2012ರ ಜಾನುವಾರು ಗಣತಿಯಲ್ಲಿ ದೇಶದ ಕುರಿಗಳು ಸುಮಾರು 6.5 ಕೋಟಿ, 2019ರಲ್ಲಿ 7.4 ಕೋಟಿ. ಇವುಗಳಲ್ಲಿ ಕರ್ನಾಟಕದ ಪಾಲು ಸುಮಾರು 1.1 ಕೋಟಿ. ಕುರಿ ಹೆಚ್ಚಿತು, ಉಣ್ಣೆಯೋ 2014-15ರ ಸುಮಾರು 4.8 ಕೋಟಿ ಕಿಲೋದಿಂದ 2019-20ರಲ್ಲಿ 3.7 ಕೋಟಿ ಕಿಲೋಗೆ ಇಳಿಯಿತು. ಮಾಂಸಕ್ಕೆ ಬೆಲೆಯಿದೆ, ಉಣ್ಣೆಗೆ ಇಲ್ಲ. ಮಹಾರಾಷ್ಟ್ರದ ಫಲಟಣದಲ್ಲಿ ನಿಂಬಕರ್ ಸಂಸ್ಥೆಯು ಡೆಕ್ಕನಿ ಕುರಿಗೆ ಸುಂದರಬನದ ಗರೋಲ್ ಕುರಿಯ ಅವಳಿ ಹೆರುವ ಗುಣವನ್ನು ಸೇರಿಸಿ ‘ನಾರಿ ಸುವರ್ಣ’ ತಳಿಯನ್ನು ರೂಪಿಸಿದ್ದೂ ಹೆಚ್ಚು ಮರಿಗಳಿಗಾಗಿ. ಒಂದು ಕಾಲದಲ್ಲಿ ತುಪ್ಪಟ ಮಾರಿ ಮನೆಗೆ ಕಾಸು ತರುತ್ತಿದ್ದ ಕುರಿಗಾರ ಇಂದು ಎಷ್ಟೋ ಕಡೆ ಕತ್ತರಿಸುವವರಿಗೆ ಕೈಯಿಂದ ಕೂಲಿ ಕೊಟ್ಟು, ಕತ್ತರಿಸಿದ ಉಣ್ಣೆಯನ್ನು ಬಯಲಿನಲ್ಲಿ ಬಿಟ್ಟು ಹೋಗುತ್ತಾನೆ.

ಇದು ಈ ನಾಡೊಂದರ ಸಂಕಟವೂ ಅಲ್ಲ. ಜಗತ್ತಿಗೆ ಮೆರಿನೊ ಉಣ್ಣೆಯನ್ನು ಒದಗಿಸುವ ಆಸ್ಟ್ರೇಲಿಯದಲ್ಲಿ ಉಣ್ಣೆಗೆ ಕನಿಷ್ಠ ಬೆಲೆ ಕಟ್ಟಿ ಕೊಳ್ಳುವ ವ್ಯವಸ್ಥೆಯಿತ್ತು. ಕೊಳ್ಳುವವರು ಹಿಂಜರಿದಾಗ ಉಣ್ಣೆಯ ಮೂಟೆಗಳು ಲಕ್ಷಗಟ್ಟಲೆ ಉಗ್ರಾಣಗಳಲ್ಲಿ ಬಿದ್ದು, 1991ರಲ್ಲಿ ಆ ವ್ಯವಸ್ಥೆಯೇ ಮುರಿಯಿತು. ಮೆರಿನೊದ ಎಳೆ ಸಣ್ಣದು, ಮೈಗೆ ಮೃದು. ಆದುದರಿಂದ ಅದು ಮತ್ತೆ ತನ್ನ ಗಿರಾಕಿಯನ್ನು ಹುಡುಕಿಕೊಂಡಿತು. ಡೆಕ್ಕನಿ ಉಣ್ಣೆಯ ಎಳೆ ದಪ್ಪ, ಒರಟು. ಅದನ್ನು ಮೆರಿನೊದಂತೆ ಮಾರಲು ಹೊರಟರೆ ಸೋಲು ಖಚಿತ. ಅದರ ಗುಣಕ್ಕೆ ಒಪ್ಪುವ ಕೆಲಸ ಬೇರೆ: ನೆಲಹಾಸು, ಚೀಲ, ಮೆಟ್ಟು, ಗೋಡೆ-ಛಾವಣಿಗಳಲ್ಲಿ ಬಿಸಿಲನ್ನೂ ಸದ್ದನ್ನೂ ತಡೆಯುವ ಹೊದಿಕೆ. ಮಣ್ಣಿನಲ್ಲಿ ಕರಗದ ಕೃತಕ ನೂಲಿಗೆ ಬೇಸತ್ತ ಪಟ್ಟಣಿಗರಲ್ಲಿ ಇಂಥ ವಸ್ತುಗಳ ಕಡೆಗೆ ಒಲವು ಚಿಗುರುತ್ತಿದೆ. 2025ರಲ್ಲಿ ಫ್ರಾನ್ಸಿನ ಆನೆಸಿ ಆನಿಮೇಷನ್ ಚಿತ್ರೋತ್ಸವದಲ್ಲಿ ಡೆಕ್ಕನಿ ಉಣ್ಣೆಯನ್ನು ಕುರಿತ ‘ದೇಸಿ ಊನ್’ ಎಂಬ ಕಿರುಚಿತ್ರ ಪ್ರಶಸ್ತಿ ಪಡೆಯಿತು. ಆದರೆ ಪಟ್ಟಣದ ಅಂಗಡಿಯಲ್ಲಿ ಏರಿದ ಬೆಲೆ ಹಟ್ಟಿಯವರೆಗೆ ನಡೆದು ಬಂದಾಗಲಷ್ಟೇ ಆ ಒಲವಿಗೆ ಅರ್ಥ.

ಉಣ್ಣೆಗೆ ಬೆಲೆ ಬಂದರೂ ಮಂದೆಗೆ ದಾರಿ ಬೇಕು. ಗೋಮಾಳಗಳು ಒತ್ತುವರಿಯಾಗುತ್ತಿವೆ, ಕಾಡಿನ ಅಂಚುಗಳಿಗೆ ಬೇಲಿ ಬಿದ್ದಿದೆ. 2006ರ ಅರಣ್ಯ ಹಕ್ಕುಗಳ ಕಾಯಿದೆಯ ಮೂರನೆಯ ಕಲಮು ಮೇಯಿಸುವ ಹಕ್ಕನ್ನೂ, ಅಲೆಮಾರಿ ಪಶುಪಾಲಕರು ಋತುಮಾನಕ್ಕೆ ತಕ್ಕಂತೆ ಕಾಡಿನ ಸಂಪತ್ತನ್ನು ಬಳಸುವ ಹಕ್ಕನ್ನೂ ಹೆಸರಿಸಿ ಹೇಳುತ್ತದೆ. ಆದರೆ ಕಾಗದದ ಹಕ್ಕು ಸಿದ್ಧವಾಗುವುದು ಸಾಕ್ಷ್ಯದಿಂದ. ವರ್ಷವಿಡೀ ನಡೆಯುತ್ತಲೇ ಇರುವವನು ಒಂದು ಊರಿನ ಗ್ರಾಮಸಭೆಯ ಮುಂದೆ ತನ್ನ ಹಳೆಯ ದಾರಿಯನ್ನು ಸಾಬೀತುಪಡಿಸುವುದು ಸುಲಭವಲ್ಲ. 2026ನ್ನು ವಿಶ್ವಸಂಸ್ಥೆ ಹುಲ್ಲುಗಾವಲುಗಳ ಮತ್ತು ಪಶುಪಾಲಕರ ವರ್ಷವೆಂದು ಘೋಷಿಸಿದೆ. ಆ ಗೌರವ ಹಟ್ಟಿಯ ಬಾಗಿಲಿಗೆ ಒಂದು ದಾಖಲೆಯ ರೂಪದಲ್ಲಿ ತಲುಪಿದರೆ ಅದೇ ದೊಡ್ಡದು.

ಕರ್ನಾಟಕದ ಹೊರಗೆ ಕನ್ನಡ ಓದುವ ಮಕ್ಕಳಿಗೆ ಈ ಕಥೆಯಲ್ಲಿ ಇನ್ನೊಂದು ನಷ್ಟವೂ ಕಾಣಬೇಕು. ತುಪ್ಪಟ, ಎಕ್ಕುವುದು, ಕದಿರು, ಕೊಪ್ಪೆ, ರೊಪ್ಪ, ಟಗರು — ಇವು ಪಠ್ಯಪುಸ್ತಕದ ಕಠಿಣ ಪದಗಳಾಗಿ ಹುಟ್ಟಿದವಲ್ಲ. ದಿನದ ಕೆಲಸದಲ್ಲಿ ಹುಟ್ಟಿದವು. ಕೆಲಸ ನಿಂತ ಮೇಲೆ ಪದ ಕೆಲವು ಕಾಲ ನಿಘಂಟಿನಲ್ಲಿ ಇರುತ್ತದೆ, ಬಾಯಲ್ಲಿ ಇರುವುದಿಲ್ಲ. ಮನೆಯ ಅಟ್ಟದ ಮೇಲೆ ಹಳೆಯ ಕಂಬಳಿಯೊಂದು ಉಳಿದಿದ್ದರೆ ಅದನ್ನು ಕೆಳಗಿಳಿಸಿ, ಬಿಸಿಲಿಗೆ ಹರಡಿ, ಅದು ಎಲ್ಲಿಂದ ಬಂತೆಂದು ಅಜ್ಜಿಯನ್ನು ಕೇಳುವುದು ಒಳ್ಳೆಯ ಪಾಠ.

ಪೆರಿಕ್ಕಲ್ಲೂರಿನ ಕಡವಿನಲ್ಲಿ ಸಂಜೆಯ ದೋಣಿ ದಡ ಬಿಡುವ ಹೊತ್ತಿಗೆ ಮೋಡ ಕವಿದರೆ, ಹತ್ತುವವರು ಕೊಡೆ ಬಿಚ್ಚುತ್ತಾರೆ. ಕೆಲವರು ಪ್ಲಾಸ್ಟಿಕ್ ಹಾಳೆಯನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾರೆ. ಕಂಬಳಿ ಹೊದ್ದವರು ಕಾಣುವುದಿಲ್ಲ. ನೀರು ಮಾತ್ರ ಎಂದಿನಂತೆ ಬಯಲಿನ ಕಡೆಗೆ, ಕುರಿಗಳು ಮೇಯುವ ನಾಡಿನ ಕಡೆಗೆ ಹರಿಯುತ್ತಿರುತ್ತದೆ.