ಕಾರ್ಡಿನ ಭಯಕ್ಕೆ ಕೆಲಸ ಬಿಡಿಸಬೇಡ

ನೆಲಮಂಗಲ

ಪ್ರೀತಿಯ ತಂಗಿಗೆ,

ಮಗಳಿಗೆ ದಾಬಸ್‌ಪೇಟೆಯ ಕಾರ್ಖಾನೆಯಲ್ಲಿ 15,000 ರೂಪಾಯಿ ಸಂಬಳದ ಗುತ್ತಿಗೆ ಕೆಲಸ ಸಿಕ್ಕಿತೆಂದು ಸಿಹಿ ಹಂಚಬೇಕಾದ ನೀನು, ‘ಬಿಪಿಎಲ್ ಕಾರ್ಡು ಹೋಗುತ್ತಂತೆ ಅಕ್ಕಾ, ಕೆಲಸ ಬಿಡಿಸಿಬಿಡಲಾ?’ ಎಂದು ಫೋನಿನಲ್ಲಿ ಅತ್ತೆಯಲ್ಲ, ನನಗೆ ಆವತ್ತು ರಾತ್ರಿ ನಿದ್ದೆ ಬರಲಿಲ್ಲ. ಬಿಡಿಸಬೇಡ ಕಣೆ. ಯಾಕೆಂದು ಬರೆಯುತ್ತೇನೆ, ನಿಮ್ಮ ಮನೆಯವರಿಗೂ ಓದಿ ಹೇಳು.

ನಿನ್ನ ಭಯ ಸುಳ್ಳಲ್ಲ. ಮನೆಯ ವರ್ಷದ ಆದಾಯ 1.20 ಲಕ್ಷ ದಾಟಿದರೆ ಬಿಪಿಎಲ್ ಇಲ್ಲ ಎಂಬುದು ನಿಯಮ. ಅಂದರೆ ಇಡೀ ಸಂಸಾರಕ್ಕೆ ತಿಂಗಳಿಗೆ 10,000. ಕಾರ್ಖಾನೆಗಳಿಗೆ ಸರ್ಕಾರವೇ ಗೊತ್ತುಮಾಡಿರುವ ಕನಿಷ್ಠ ವೇತನ ಅದಕ್ಕಿಂತ ಹೆಚ್ಚು. ಹಾಗಾಗಿ ಮನೆಯಲ್ಲಿ ಒಬ್ಬಳು ಕಾನೂನಿನಂತೆ ಕೂಲಿ ಪಡೆದರೂ ಆ ಮನೆ ಕಾಗದದಲ್ಲಿ ಬಡತನ ಕಳೆದುಕೊಳ್ಳುತ್ತದೆ. ಇದೇ ಹೆದರಿಕೆಗೆ ಎಷ್ಟೋ ಹೆಣ್ಣುಮಕ್ಕಳು ‘ಪಿಎಫ್ ಬೇಡ, ಇಎಸ್‌ಐ ಬೇಡ, ದುಡ್ಡು ಕೈಗೇ ಕೊಡಿ’ ಎನ್ನುತ್ತಾರೆ. 2024ರ ನವೆಂಬರ್‌ನಲ್ಲಿ ರಾಜ್ಯದಲ್ಲೆಲ್ಲ ಕಾರ್ಡುಗಳು ರದ್ದಾದದ್ದು, ಎಪಿಎಲ್‌ಗೆ ತಿರುಗಿದ್ದು ನಿನಗೆ ನೆನಪಿರಬೇಕು. ಸಾಲಕ್ಕೆಂದು ಆದಾಯ ತೆರಿಗೆ ರಿಟರ್ನ್ಸ್ ಸಲ್ಲಿಸಿದ್ದವರ ಕಾರ್ಡೂ ಹೋಗಿತ್ತು. ಜನ ಬೀದಿಗೆ ಬಂದ ಮೇಲೆ, ಅರ್ಹರ ಕಾರ್ಡು ವಾಪಸ್ ಕೊಡುತ್ತೇವೆಂದು ನಮ್ಮ ಜಿಲ್ಲೆಯ ದೇವನಹಳ್ಳಿಯ ಶಾಸಕರೂ ಆಗ ಆಹಾರ ಸಚಿವರೂ ಆಗಿದ್ದ ಕೆ.ಎಚ್. ಮುನಿಯಪ್ಪನವರು ಹೇಳಬೇಕಾಯಿತು.

ಆದರೆ ಕಾರ್ಡು ಬದಲಾದರೆ ಎಲ್ಲವೂ ಹೋಗುತ್ತದೆ ಎಂಬ ಮಾತು ನಂಬಬೇಡ. ಗೃಹಲಕ್ಷ್ಮಿಯ 2,000 ಎಪಿಎಲ್ ಮನೆಗೂ ಉಂಟು. ನೀನಾಗಲಿ ನಿನ್ನ ಗಂಡನಾಗಲಿ ಆದಾಯ ತೆರಿಗೆ, ಜಿಎಸ್‌ಟಿ ಕಟ್ಟುವವರಾಗಿರಬಾರದು, ಅಷ್ಟೇ. ಗೃಹಜ್ಯೋತಿಗೆ ಈ ಕಾರ್ಡಿನ ಹಂಗಿಲ್ಲ. ಮಗಳು ಕೆಲಸಕ್ಕೆ ಹೋಗುವ ಸರ್ಕಾರಿ ಬಸ್ಸಿನಲ್ಲಿ ಶಕ್ತಿ ಯೋಜನೆಯ ಟಿಕೆಟ್ಟಿಗೂ ಇಲ್ಲ. ಎಲ್ಲರಿಗೂ ಎಂದು ಕೊಟ್ಟದ್ದು ದುಡಿಯಲು ಹೊರಟವಳ ಕಾಲಿಗೆ ತೊಡರುವುದಿಲ್ಲ, ನೋಡು.

ಹೋಗುವುದು ಅಕ್ಕಿ, ಮತ್ತು ಆಸ್ಪತ್ರೆಯ ಆಸರೆ. ಅಕ್ಕಿಯನ್ನು ಸಂಬಳದಲ್ಲಿ ಹೇಗೋ ಕೊಳ್ಳಬಹುದು. ಜಯದೇವ ಆಸ್ಪತ್ರೆಯಲ್ಲಿ ನಿಮ್ಮ ಮನೆಯವರ ಆಪರೇಷನ್ ಆದಾಗ ಕೈಹಿಡಿದದ್ದು ಆ ಕಾರ್ಡೇ ಎಂಬುದು ನನಗೆ ಗೊತ್ತು. ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಸರ್ಕಾರ ಕೊಡುವುದು ನಿಗದಿತ ವೆಚ್ಚದ ಶೇ 30 ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ಉಳಿದ ಶೇ 70ಕ್ಕೆ 15,000 ಸಂಬಳದ ಮನೆ ಎಲ್ಲಿಗೆ ಹೋಗಬೇಕು?

ಅದಕ್ಕೇ ಹೇಳುತ್ತೇನೆ, ಮಗಳಿಗೆ ಇಎಸ್‌ಐ ಮಾಡಿಸಿದ್ದಾರೋ ಇಲ್ಲವೋ ಮೊದಲು ವಿಚಾರಿಸು. 21,000ದವರೆಗೆ ಸಂಬಳ ಇರುವವರಿಗೆ ಅದು ಹಕ್ಕು, ಗುತ್ತಿಗೆಯವರಿಗೂ. ಅವಳ ಪಾಲು ಶೇ 0.75, ತಿಂಗಳಿಗೆ ಸುಮಾರು 113 ರೂಪಾಯಿ. ಮಾಲೀಕರದು ಶೇ 3.25. ಅವಳ ದುಡಿಮೆಯನ್ನೇ ನಂಬಿರುವ ತಂದೆತಾಯಿಯ ಹೆಸರೂ ಅದರಲ್ಲಿ ಸೇರುತ್ತದೆ. ನಿಮ್ಮಿಬ್ಬರ ಹೆಸರು ತಪ್ಪದೆ ಸೇರಿಸಲಿ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆ ನಮಗೆ ತುಮಕೂರು ರಸ್ತೆಯ ಬಸ್ಸಿನ ದೂರ.

ಇಷ್ಟು ಹೇಳಿದರೂ ನನಗೆ ಸಮಾಧಾನವಿಲ್ಲ. ಗುತ್ತಿಗೆ ಕೆಲಸ ಇವತ್ತು ಇದ್ದು ನಾಳೆ ಇಲ್ಲವಾಗಬಹುದು. ಕೆಲಸ ಹೋದರೆ ಸ್ವಲ್ಪ ದಿನಕ್ಕೆ ಇಎಸ್‌ಐ ಕೂಡ ಹೋಯಿತು. ಆಗ ಬಿಪಿಎಲ್‌ಗೆ ಮತ್ತೆ ಅರ್ಜಿ ಹಾಕೋಣವೆಂದರೆ ಸರ್ಕಾರ ಅವಕಾಶ ತೆರೆದಾಗಷ್ಟೇ ಹಾಕಬೇಕು. ಬಡತನದಿಂದ ಒಂದು ಮೆಟ್ಟಿಲು ಹತ್ತಿದವರ ಹಿಂದೆಯೇ ಏಣಿ ತೆಗೆದರೆ ಯಾರು ತಾನೇ ಹತ್ತುತ್ತಾರೆ? ಅಮೆರಿಕದಲ್ಲಿ 1988ರಲ್ಲೇ ಇದಕ್ಕೆ ಕಾನೂನು ಮಾಡಿದರು. ಸರ್ಕಾರದ ನೆರವಿನಲ್ಲಿದ್ದ ಕುಟುಂಬ ದುಡಿಮೆ ಹಿಡಿದು ನೆರವಿನಿಂದ ಹೊರಬಂದರೂ ಆಸ್ಪತ್ರೆಯ ರಕ್ಷಣೆ ಒಂದು ವರ್ಷದವರೆಗೆ ಮುಂದುವರಿಯುತ್ತದೆ. ಅಷ್ಟು ನಮ್ಮಲ್ಲೂ ಆಗಬೇಡವೇ?

ಸುಳ್ಳು ಆದಾಯ ಬರೆಸಿ ಕಾರ್ಡು ಉಳಿಸಿಕೋ ಎಂದು ನಿನಗೆ ಹೇಳಲಾರೆ. ನಿಜ ಹೇಳುವವರಿಗೆ ನಷ್ಟವಾಗದಂತೆ ನಿಯಮ ಬದಲಾಗಲಿ ಎಂದು ಕೇಳುತ್ತೇನೆ. ನಮ್ಮ ಸ್ತ್ರೀಶಕ್ತಿ ಸಂಘದವರು ತಹಶೀಲ್ದಾರರಿಗೆ ಕೊಡಲು ಮನವಿ ಬರೆದಿದ್ದೇವೆ: ಮನೆಗೆ ಬಂದು ನೋಡದೆ, ನಮ್ಮ ಮಾತು ಕೇಳದೆ ಕಾರ್ಡು ತೆಗೆಯಬಾರದು, ಆದಾಯ ಏರಿದ ಮೇಲೂ ಒಂದು ವರ್ಷ ಆಸ್ಪತ್ರೆ ಸೌಲಭ್ಯ ಪೂರ್ತಿ ಇರಬೇಕು, ಕೆಲಸ ಹೋದವರಿಗೆ ಕಾರ್ಡು ತಡವಿಲ್ಲದೆ ಮರಳಬೇಕು. ತಹಶೀಲ್ದಾರರ ಕೈಯಲ್ಲಿ ಎಲ್ಲವೂ ಇಲ್ಲ, ಗೊತ್ತು. ಅವರ ಮೂಲಕ ಸರ್ಕಾರಕ್ಕೆ ಮುಟ್ಟಲಿ.

ಸೋಮವಾರ ಬೆಳಿಗ್ಗೆ ತಾಲ್ಲೂಕು ಕಚೇರಿಗೆ ಬಾ. ನಿನ್ನ ಸಹಿ ಬೇಕು. ಮಗಳು ಬರುವುದು ಬೇಡ, ಅವಳು ಕೆಲಸಕ್ಕೆ ಹೋಗಲಿ.

ನಿನ್ನ ಅಕ್ಕ