ಮೂರು ಬಗೆಯ ಉರಿ

ಸ್ಮರಣಸಂಚಿಕೆಗೆ ಲೇಖನವೊಂದನ್ನು ಕೊಡಬೇಕೆಂದು ಸಂಘದ ಕಾರ್ಯದರ್ಶಿಗಳು ಮನೆಗೇ ಬಂದು ಕೇಳಿದರು. ಗಡಿನಾಡಿನ ಕನ್ನಡ ಶಾಲೆಗಳ ವಿಷಯವಾಗಿ ಬರೆಯುವೆವೆಂದು ಅವರು ಎಣಿಸಿರಬೇಕು. ಅದನ್ನು ಹಿಂದೆ ಹಲವು ಸಲ ಬರೆದಿದ್ದೇವೆ. ಈ ಸಲ ನಾವು ಬರೆಯುತ್ತಿರುವುದು ಅಡುಗೆಮನೆಯ ಗ್ಯಾಸಿನ ಒಲೆಯ ಕುರಿತು. ಓದುಗ ಬಂಧುಗಳು ನಗಬಹುದು. ನಗಲಿ, ಆದರೆ ಕೊನೆಯವರೆಗೆ ಓದಲಿ ಎಂಬುದು ನಮ್ಮ ವಿನಂತಿ.

ನಾವು ಬಿ.ಎ., ಬಿ.ಎಡ್. ಮಾಡಿ, ಅಕ್ಕಲಕೋಟ ಸೀಮೆಯ ಕನ್ನಡ ಶಾಲೆಯೊಂದರಲ್ಲಿ ಮುಖ್ಯಾಧ್ಯಾಪಕರಾಗಿ ನಿವೃತ್ತರಾದವರು. ವಿಜ್ಞಾನದ ಶಿಕ್ಷಕರಿಲ್ಲದ ವರ್ಷಗಳಲ್ಲಿ ದಹನಕ್ರಿಯೆಯ ಪಾಠವನ್ನೂ ನಾವೇ ಹೇಳಿದ್ದುಂಟು. ಗಾಳಿ ಸಾಕಷ್ಟು ಬೆರೆತರೆ ನೀಲಿ ಜ್ವಾಲೆ, ಸಾಲದೆ ಹೋದರೆ ಹಳದಿ ಜ್ವಾಲೆ ಮತ್ತು ಮಸಿ ಎಂದು ಕರಿಹಲಗೆಯ ಮೇಲೆ ಚಿತ್ರ ಬರೆದು ತೋರಿಸಿದ್ದೆವು. ಆದರೆ ಎಪ್ಪತ್ತು ದಾಟುವವರೆಗೆ ನಮ್ಮ ಮನೆಯ ಒಲೆಯನ್ನು ಒಮ್ಮೆಯೂ ನಮ್ಮ ಕೈಯಿಂದ ಹೊತ್ತಿಸಿರಲಿಲ್ಲ. ತೊಗರಿ ಕಟ್ಟಿಗೆ, ಕುಳ್ಳು, ಊದುಗೊಳವೆಗಳ ಕಾಲದಲ್ಲಿ ನಮ್ಮ ತಾಯಿಯವರಿದ್ದರು. ಗ್ಯಾಸು ಬಂದ ಮೇಲೆ ನಮ್ಮ ಮನೆಯವರಿದ್ದರು. ನಮಗೆ ಹೊತ್ತಿಗೆ ಸರಿಯಾಗಿ ಬಿಸಿ ರೊಟ್ಟಿ ಬರುತ್ತಿತ್ತು. ಅದು ಹೇಗೆ ಬರುತ್ತದೆಂದು ನಾವು ಕೇಳಲಿಲ್ಲ.

ಕಳೆದ ವರ್ಷ ನಮ್ಮ ಮನೆಯವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಕೆಲವು ದಿನ ಒಲೆಯ ಮುಂದೆ ನಿಲ್ಲಬಾರದೆಂದು ವೈದ್ಯರು ಹೇಳಿದರು. ಮಗ ಪುಣೆಯಲ್ಲಿ. ಊಟ ನೆರೆಮನೆಯಿಂದ ಬರುತ್ತಿತ್ತು; ಆದರೆ ಚಹಾ, ಹಾಲು, ಬಿಸಿನೀರಿಗೆ ಯಾರನ್ನು ಕರೆಯುವುದು? ನಾವೇ ಎದ್ದೆವು.

ಒಲೆಯ ಗುಂಡಿಯನ್ನು ಒಳಗೆ ಒತ್ತಿ ಎಡಕ್ಕೆ ತಿರುಗಿಸಬೇಕು. ಅದರಲ್ಲೊಂದು ವಿಚಿತ್ರವಿದೆ. ನಲ್ಲಿಯನ್ನು ಸ್ವಲ್ಪ ತಿರುಗಿಸಿದರೆ ಸಣ್ಣ ಧಾರೆ, ಪೂರ್ತಿ ತಿರುಗಿಸಿದರೆ ದೊಡ್ಡ ಧಾರೆ. ನಮ್ಮ ಒಲೆಯಲ್ಲಿ ಮೊದಲು ಬರುವುದೇ ದೊಡ್ಡ ಉರಿ. ಇನ್ನೂ ಮುಂದೆ ತಿರುಗಿಸಿದರೆ ಸಣ್ಣ ಉರಿ. ಇದು ತಿಳಿಯದೆ ನಾವು ಉರಿ ತಗ್ಗಿಸಲು ಹೋಗಿ ಹೆಚ್ಚಿಸುತ್ತಿದ್ದೆವು. ಲೈಟರನ್ನು ಬರ್ನರಿನ ಬಳಿ ಹಿಡಿದುಕೊಂಡೇ ಗುಂಡಿ ತಿರುಗಿಸಬೇಕು; ಹೊತ್ತದಿದ್ದರೆ ಕೂಡಲೇ ಬಂದ್ ಮಾಡಿ, ತುಸು ತಡೆದು ಮತ್ತೆ ಪ್ರಯತ್ನಿಸಬೇಕು. ಇದನ್ನೆಲ್ಲ ನಮ್ಮ ಮನೆಯವರು ಕಪ್ಪು ಕನ್ನಡಕ ಹಾಕಿಕೊಂಡು ಒಳಕೋಣೆಯ ಮಂಚದ ಮೇಲಿಂದಲೇ ಹೇಳಿಕೊಟ್ಟರು.

ನಮಗೆ ಬೆರಗಾದದ್ದು ಅವರ ಕಿವಿಯ ಕುರಿತು. "ಉರಿ ದೊಡ್ಡದಾತು, ಸಣ್ಣ ಮಾಡ್ರಿ" ಎಂದು ಒಳಗಿನಿಂದ ಹೇಳುತ್ತಿದ್ದರು. ಬರ್ನರಿನ ಸದ್ದಿನಿಂದಲೇ ಅವರಿಗೆ ಉರಿಯ ಅಳತೆ ಸಿಗುತ್ತಿತ್ತು. ಒಲೆಯ ಮೇಲೆ ಬರೆದಿರುವುದು ಇಂಗ್ಲಿಷಿನಲ್ಲಿ, ಹೈ ಮತ್ತು ಸಿಮ್ ಎಂಬ ಎರಡೇ ಮಾತು. ಸಿಲಿಂಡರ್ ತರುವ ಹುಡುಗನದು ಮರಾಠಿ. ನಾಲ್ಕನೆಯ ಇಯತ್ತೆಯವರೆಗೆ ಓದಿದ ನಮ್ಮ ಮನೆಯವರ ಬಳಿ ಮಾತ್ರ ಕನ್ನಡದಲ್ಲಿ ಮೂರು ಉರಿಗಳಿದ್ದವು: ಹಾಲು ಕಾಯಿಸಲು ದೀಪದ ಉರಿ, ಪಲ್ಯಕ್ಕೆ ಹದ ಉರಿ, ಹಂಚು ಕಾಯಲು ರೊಟ್ಟಿ ಉರಿ. ಯಾವ ಉರಿಯಾದರೂ ಪಾತ್ರೆಯ ತಳದೊಳಗೇ ಇರಬೇಕು; ಅಂಚು ದಾಟಿ ಮೇಲೇರಿದರೆ ದುಡ್ಡು ಸುಟ್ಟಂತೆ ಎನ್ನುತ್ತಿದ್ದರು.

ಶಸ್ತ್ರಚಿಕಿತ್ಸೆಯಾದ ಮೂರನೆಯ ದಿನ ಸಂಜೆ ನಾವು ಹಾಲಿಟ್ಟು ಪಡಸಾಲೆಗೆ ಬಂದು ಪತ್ರಿಕೆ ಹಿಡಿದೆವು. ಬೇಗ ಕಾಯಲೆಂದು ರೊಟ್ಟಿ ಉರಿಯನ್ನೇ ಇಟ್ಟಿದ್ದೆವು. ಹಾಲು ಉಕ್ಕಿ ಬರ್ನರಿನ ಮೇಲೆ ಸುರಿದು ಉರಿ ಆರಿತು. ಗ್ಯಾಸು ಮಾತ್ರ ಹರಿಯುತ್ತಲೇ ಇತ್ತು. ಉರಿ ಆರಿದರೆ ಗ್ಯಾಸನ್ನು ತಾನೇ ತಡೆಯುವ ಏರ್ಪಾಡು ಕೆಲವು ಒಲೆಗಳಲ್ಲಿರುತ್ತದೆ, ನಮ್ಮದರಲ್ಲಿಲ್ಲ. ಅಡುಗೆ ಅನಿಲಕ್ಕೆ ಸ್ವಂತ ವಾಸನೆಯಿಲ್ಲ, ಸೋರಿದರೆ ತಿಳಿಯಲೆಂದೇ ಅದಕ್ಕೆ ಮರ್ಕ್ಯಾಪ್ಟಾನ್ ಎಂಬ ನಾರುವ ದ್ರವ್ಯವನ್ನು ಬೆರೆಸುತ್ತಾರೆ ಎಂಬುದನ್ನು ನಾವು ಓದಿದ್ದೆವು. ಆದರೆ ವಯಸ್ಸಾದಂತೆ ಮೂಗು ಮಂದವಾಗುತ್ತದೆ. ಜೊತೆಗೆ ಅಂದು ನೆಗಡಿಯೂ ಇತ್ತು.

ಹಾಲಿನ ನೆನಪಾಗಿ ಎದ್ದೆವು. ಕತ್ತಲಾಗಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ದೀಪದ ಸ್ವಿಚ್ಚಿನ ಮೇಲೆ ಕೈಯಿಟ್ಟೆವು.

"ಲೈಟ್ ಹಚ್ಚಬ್ಯಾಡ್ರಿ! ಕೈ ತಗೀರಿ! ಗ್ಯಾಸ್ ವಾಸನಿ ಬರಾಕತ್ತೈತಿ!"

ದಾಂಪತ್ಯದ ಇಷ್ಟು ವರ್ಷಗಳಲ್ಲಿ ಅವರು ನಮ್ಮ ಮೇಲೆ ದನಿಯೇರಿಸಿದ್ದು ಅದೇ ಮೊದಲು. ಕೈ ತಾನಾಗಿ ಹಿಂದೆ ಬಂತು. ಅವರು ಗೋಡೆ ಹಿಡಿದುಕೊಂಡು ಬಂದು, ಕತ್ತಲಲ್ಲೇ ತಡವರಿಸದೆ ಗುಂಡಿಯನ್ನು ಬಂದ್ ಮಾಡಿದರು. ಸಿಲಿಂಡರಿನ ರೆಗ್ಯುಲೇಟರನ್ನೂ ತಿರುಗಿಸಿದರು. ಹಿತ್ತಲ ಬಾಗಿಲು ತೆರೆಯಿರೆಂದರು, ತೆರೆದೆವು. ಇಬ್ಬರೂ ಅಂಗಳಕ್ಕೆ ಬಂದು ಬಹಳ ಹೊತ್ತು ಕಲ್ಲಿನ ಮೇಲೆ ಕುಳಿತೆವು. ಈ ಅನಿಲ ಗಾಳಿಗಿಂತ ಭಾರ, ಮೇಲೇರದೆ ನೆಲದ ಮಟ್ಟದಲ್ಲಿ ನಿಲ್ಲುತ್ತದೆ, ಸ್ವಿಚ್ಚಿನ ಒಂದು ಕಿಡಿ ಸಾಕು ಎಂಬುದೆಲ್ಲ ನಮಗೆ ಗೊತ್ತಿತ್ತು. ಗೊತ್ತಿದ್ದದ್ದು ಕೈಗೆ ಇಳಿದಿರಲಿಲ್ಲ. ಅವರಿಗೆ ಅದು ಕೈಯಲ್ಲೇ ಇತ್ತು.

ನಾವು ಅವರ ಕ್ಷಮೆ ಕೇಳಿದೆವು. "ಹಾಲು ಹೋತಂತ ಯಾಕ ಅಷ್ಟು ಮನಸಿಗೆ ಹಚ್ಕೋತೀರಿ?" ಎಂದರು. ಹಾಲಿನ ಮಾತಲ್ಲವೆಂದು ಅವರಿಗೂ ತಿಳಿದಿತ್ತು.

ಅವರ ಕಣ್ಣು ಈಗ ಚೆನ್ನಾಗಿದೆ. ಆದರೂ ಒಲೆಯ ಕೆಲವು ಕೆಲಸಗಳನ್ನು ನಾವು ಬಿಟ್ಟುಕೊಟ್ಟಿಲ್ಲ. ಬೆಳಗಿನ ಚಹಾ ನಮ್ಮದು. ಹಾಲಿಟ್ಟರೆ ಉಕ್ಕುವವರೆಗೆ ಅಲ್ಲೇ ನಿಲ್ಲುತ್ತೇವೆ. ಉರಿ ಹಳದಿಗೆ ತಿರುಗಿದರೆ ಬರ್ನರ್ ಆರಿದ ಮೇಲೆ ತೆಗೆದು, ಸಾಬೂನು ನೀರಿನಲ್ಲಿ ತೊಳೆದು, ಸೂಜಿಯಿಂದ ತೂತು ಬಿಡಿಸಿ, ಪೂರ್ತಿ ಒಣಗಿಸಿ ಕೂಡಿಸುತ್ತೇವೆ. ರಬ್ಬರ್ ನಳಿಕೆಯನ್ನು 5 ವರ್ಷಕ್ಕೊಮ್ಮೆ ಬದಲಿಸಬೇಕು. ನಮ್ಮದರ ಮೇಲೆ ಅಚ್ಚಾದ ವರ್ಷ ನೋಡಿದರೆ ಅವಧಿ ಎಂದೋ ಮುಗಿದಿತ್ತು. ಬದಲಿಸಿದೆವು. ಸೋರಿಕೆಯಾದಾಗ ಕರೆಯಬೇಕಾದ 1906 ಎಂಬ ದೂರವಾಣಿ ಸಂಖ್ಯೆಯನ್ನು ಕನ್ನಡ ಅಂಕಿಗಳಲ್ಲೂ ಇಂಗ್ಲಿಷ್ ಅಂಕಿಗಳಲ್ಲೂ ದೊಡ್ಡದಾಗಿ ಬರೆದು ಪಡಸಾಲೆಯ ಗೋಡೆಗೆ ಅಂಟಿಸಿದ್ದೇವೆ. ಸೋರಿದ ಗ್ಯಾಸಿನ ನಡುವೆ ನಿಂತು ಫೋನು ಮುಟ್ಟಬಾರದು; ಹೊರಗೆ ಬಂದು ಕರೆಯಬೇಕು.

ನಮ್ಮ ಸಂಘದಲ್ಲಿ ನಮ್ಮ ವಯಸ್ಸಿನ ಗಂಡಸರು ಬಹಳ ಜನರಿದ್ದಾರೆ. ಕನ್ನಡ ಉಳಿಯಬೇಕೆಂದು ವೇದಿಕೆಯ ಮೇಲೆ ಗಂಟೆಗಟ್ಟಲೆ ಮಾತಾಡಬಲ್ಲೆವು. ದೀಪದ ಉರಿ, ಹದ ಉರಿ ಎಂಬ ಮಾತುಗಳು ನಮ್ಮ ಮನೆಯಲ್ಲೇ ಇದ್ದರೂ ಅವನ್ನು ನಾವು ಕೇಳಿಸಿಕೊಂಡದ್ದು ಎಪ್ಪತ್ತರ ಮೇಲೆ. ಸಮಾವೇಶ ಮುಗಿಸಿ ಮನೆಗೆ ಹೋದ ಬಂಧುಗಳು ಒಮ್ಮೆ ಅಡುಗೆಮನೆಗೆ ಹೋಗಿ, ಅಲ್ಲಿರುವವರಿಂದ ಒಲೆ ಹೊತ್ತಿಸುವುದನ್ನೂ ಆರಿಸುವುದನ್ನೂ ಕಲಿತುಕೊಳ್ಳಲಿ. ಅವರ ಕಣ್ಣಿಗೋ ಮೊಣಕಾಲಿಗೋ ತೊಂದರೆಯಾಗುವ ದಿನದವರೆಗೆ ಕಾಯುವುದು ಬೇಡ.

ರಾತ್ರಿ ಮಲಗುವ ಮುನ್ನ ರೆಗ್ಯುಲೇಟರ್ ಬಂದ್ ಮಾಡುವುದೂ ಈಗ ನಮ್ಮ ಕೆಲಸ. "ಬಂದ್ ಮಾಡಿದ್ರೇನು?" ಎಂದು ಒಳಗಿನಿಂದ ದನಿ ಬರುತ್ತದೆ. "ಮಾಡೀನಿ" ಎನ್ನುತ್ತೇವೆ. ಹಾಗೆಂದ ಮೇಲೂ ಇನ್ನೊಮ್ಮೆ ಹೋಗಿ ಮುಟ್ಟಿ ನೋಡಿ ಬರುತ್ತೇವೆ.