ತೆವಳೋ ಕಾರು, ಕಾಯೋ ಕ್ಲಚ್

ಆಟೋಮ್ಯಾಟಿಕ್ ಕಾರು ಅಂದ ಕೂಡ್ಲೇ ನಮ್ಮ ಕಡೆ ಹೆಣ್ಣುಮಕ್ಕಳು "ಅಯ್ಯ, ಅದರಾಗೇನದರಿ, ಕೂತ್ರ ಆತು, ತಾನ ಹೋಗ್ತದ" ಅಂತಾರ. ಮಿಕ್ಸರ್ ಹಚ್ಚಿದಷ್ಟ ಸಸಾರ ಅನ್ನೋ ಹಂಗ. ದೊಡ್ಡ ರಸ್ತೆದಾಗ ಜೋರಾಗಿ ಹೋಗೋವಾಗ ಆ ಮಾತು ಖರೇನ ಅದ. ಆದ್ರ ಮನುಷ್ಯರ ಗುಣ ಹೆಂಗ ಇಕ್ಕಟ್ಟಿನಾಗ ತಿಳೀತದೋ, ಈ ಕಾರಿನ ಗುಣ ಹಗೂರ ಹೋಗೋವಾಗ ತಿಳೀತದ.

ನಮ್ಮನಿಯವರಿಗೆ ಎಡಗಾಲಿನ ಮೊಣಕಾಲು ಆಪರೇಶನ್ ಆತು. ಇನ್ನ ಕ್ಲಚ್ ತುಳಿಯೋದು ಕಷ್ಟ ಅಂತ ಮಗಾ ಆಟೋಮ್ಯಾಟಿಕ್ ಕಾರು ಕೊಡಿಸಿದ. ಅವರು ಸದ್ಯಕ್ಕ ಸ್ಟೇರಿಂಗ್ ಮುಟ್ಟೋ ಹಂಗಿಲ್ಲ. ಹಿಂಗಾಗಿ 54ನೇ ವಯಸ್ಸಿನಾಗ ಲೈಸೆನ್ಸ್ ತಗೊಂಡಾಕಿ ನಾನು. ವಾರಕ್ಕ ಎರಡು ಸಲ ಧಾರವಾಡದಿಂದ ಹುಬ್ಬಳ್ಳಿಗೆ ಅವರನ್ನ ಫಿಜಿಯೋಥೆರಪಿಗೆ ಕರಕೊಂಡು ಹೋಗೋದು ನನ್ನ ಕೆಲಸ.

ಕಾಲಿನ ಬುಡಕ ಕ್ಲಚ್ ಇಲ್ಲ ಅಂದ್ರ ಕಾರಿನಾಗ ಕ್ಲಚ್ಚ ಇಲ್ಲ ಅಂತಲ್ಲ. ನಮ್ಮದರಾಗ ಎರಡು ಅವ. ಒಂದು ಕ್ಲಚ್ 1, 3, 5ನೇ ಗೇರು ನೋಡ್ಕೋತದ, ಇನ್ನೊಂದು 2, 4, 6 ನೋಡ್ಕೋತದ. ಇಬ್ಬರು ನೆಗೆಣ್ಣಿಯರು ಒಲಿ ಮುಂದ ಕೂತಂಗ. ಒಬ್ಬಾಕಿ ಹಂಚಿನ ಮ್ಯಾಲೆ ರೊಟ್ಟಿ ಬೇಯಿಸೋದ್ರಾಗ ಇನ್ನೊಬ್ಬಾಕಿ ಮುಂದಿನ ರೊಟ್ಟಿ ಬಡದು ತಯಾರ ಇಟ್ಟಿರ್ತಾಳ. ಅದಕ್ಕ ಗೇರು ಬದಲಾದದ್ದು ಗೊತ್ತ ಆಗೂದಿಲ್ಲ. ಈ ಥರದ ಗೇರ್‌ಬಾಕ್ಸ್ 2003ರಾಗ ಫೋಕ್ಸ್‌ವ್ಯಾಗನ್ ಗಾಲ್ಫ್ ಕಾರಿನಾಗ ಮಾರಾಟಕ್ಕ ಬಂತಂತ.

ಈಗ ತೆವಳೋ ವಿಷಯಕ್ಕ ಬರೂಣು. ಹಳೇ ನಮೂನಿ ಆಟೋಮ್ಯಾಟಿಕ್‌ನಾಗ ಇಂಜಿನ್ನಿಗೂ ಗೇರಿಗೂ ನಡುವ ಎಣ್ಣಿ ಇರ್ತದ. ಇಂಜಿನ್ ತಿರುಗಿದ್ರ ಎಣ್ಣಿ ತಿರುಗ್ತದ, ಬ್ರೇಕ್ ಬಿಟ್ಟ ಕೂಡ್ಲೇ ಗಾಡಿ ತಾನ ಮುಂದ ಸರೀತದ. ಎರಡು ಕ್ಲಚ್ಚಿನ ಗಾಡಿಗೆ ಆ ಹುಟ್ಟುಗುಣ ಇಲ್ಲ. ಅದಕ್ಕ ಒಳಗಿನ ಕಂಪ್ಯೂಟರ್, ನಾವು ಬ್ರೇಕ್ ಬಿಟ್ಟಾಗ, ಕ್ಲಚ್ಚಿನ ತಟ್ಟಿಗಳನ್ನ ಒಂದಕ್ಕೊಂದು ಬರೇ ಸವರಿದಂಗ ತಾಗಸ್ತದ. ಗಾಡಿ ಮನುಷ್ಯಾರು ನಡದಷ್ಟು ಸಾವಕಾಶ ಹೋಗ್ತದ. ಬ್ರೇಕ್ ಪೂರಾ ಒತ್ತಿದ್ರ ತಟ್ಟಿ ದೂರ ಸರೀತಾವ. ಅಂದ್ರ ಈ ತೆವಳೋದು ಕಲಿಸಿದ ಗುಣ.

ಸವರೋದು ಅಂದ್ರ ತಿಕ್ಕೋದು, ತಿಕ್ಕಿದ್ರ ಬಿಸಿ. ಹಿಟ್ಟಿನ ಗಿರಣಿ ಬೆಲ್ಟ್ ಜಾರಿದಾಗ ವಾಸನಿ ಬರ್ತದಲ್ಲ, ಹಂಗ. ಕೆಲವು ಗಾಡ್ಯಾಗ ಕ್ಲಚ್ ಎಣ್ಣ್ಯಾಗ ಮುಳುಗಿರ್ತದ, ಎಣ್ಣಿ ಬಿಸಿ ಎಳಕೋತದ. ನಮ್ಮದು ಒಣ ಕ್ಲಚ್, ಅದಕ್ಕ ಗಾಳೀನ ಗತಿ. ಹುಬ್ಬಳ್ಳಿ ಚೆನ್ನಮ್ಮ ಸರ್ಕಲ್‌ನಾಗ ಗೇಣು ಗೇಣು ಮುಂದ ಸರಿಸಿದ್ರ ಪಾಪ, ಅದಕ್ಕ ಆರಲಿಕ್ಕೆ ವೇಳ್ಯಾನ ಸಿಗೂದಿಲ್ಲ. ಗ್ಯಾರೇಜಿನ ಹುಡುಗ ಹೇಳಿದ್ದು ಇಷ್ಟ: "ಮುಂದಿನ ಗಾಡಿ ಸ್ವಲ್ಪ ದೂರ ಹೋಗ್ಲಿ ಬಿಡ್ರೀ ಅಕ್ಕಾರ. ಆಮ್ಯಾಲೆ ಒಮ್ಮೆಲೇ ಹೋಗ್ರಿ. ಏರಿನ ಮ್ಯಾಲೆ ಎಕ್ಸಲರೇಟರ್‌ನಿಂದ ಗಾಡಿ ಹಿಡದು ನಿಲ್ಲಸಬ್ಯಾಡ್ರಿ."

ಆ ಕೊನೀ ಮಾತಿಗೇ ನಮ್ಮಿಬ್ಬರ ನಡುವ ತಕರಾರು ಬಂತು. ಆಸ್ಪತ್ರಿ ನೆಲಮಾಳಿಗ್ಯಾಗಿಂದ ಮ್ಯಾಲೆ ಬರೋ ಏರು, ಮುಂದ ನಾಕು ಗಾಡಿ, ಹಿಂದ ಹಾರ್ನ್. "ಬ್ರೇಕ್ ಯಾಕ ಒತ್ತಿ? ಸ್ವಲ್ಪ ಎಕ್ಸಲರೇಟರ್ ಕೊಟ್ಟು ಹಿಡಿ, ಇಲ್ಲಾಂದ್ರ ಹಿಂದ ಹೋಗ್ತದ" ಅಂದ್ರು. ಮೂವತ್ತು ವರ್ಷ ಅವರು ಅರ್ಧ ಕ್ಲಚ್ಚಿನ ಮ್ಯಾಲೆ ಗಾಡಿ ನಿಲ್ಲಿಸಿದವರು. ಮೂವತ್ತು ವರ್ಷ ನಾನೂ ಬಾಜೂಕ ಕೂತು ಹೂಂ ಅಂದಾಕಿ. ಅವತ್ತ "ಇಲ್ರೀ, ಇದಕ್ಕ ಹಂಗ ನಡಿಯೂದಿಲ್ಲ, ನೀವು ಸುಮ್ಮನ ಕೂಡ್ರಿ" ಅಂದೆ. ಅವರು ಕಿಡಕಿ ಕಡೆ ನೋಡಿದ್ರು. ನನಗೂ ಎದಿ ಡವಡವ ಅಂತಿತ್ತು. ಮುಂದ ಜಾಗ ಆಗೋ ತನಕಾ ಕಾದೆ, ಬ್ರೇಕ್ ಬಿಟ್ಟು ಎಕ್ಸಲರೇಟರ್ ಕೊಟ್ಟೆ. ಏರಿನ ಮ್ಯಾಲೆ ಬ್ರೇಕ್ ಬಿಟ್ಟರೂ ಒಂದೆರಡು ಸೆಕೆಂಡ್ ಗಾಡಿ ತಾನ ಹಿಡದಿರ್ತದ, ಅಷ್ಟರಾಗ ಕಾಲು ಬದಲಸಬೇಕು. ಗಾಡಿ ಸಲೀಸ ಏರ್ತು. ಮನಿ ಮುಟ್ಟೋ ತನಕಾ ಅವರು ಮಾತಾಡ್ಲಿಲ್ಲ. ಸಂಜೀಕ ಚಹಾ ಕುಡಿಯೋವಾಗ "ಆ ಗ್ಯಾರೇಜಿನವಾ ಇನ್ನೇನೇನು ಹೇಳ್ಯಾನ?" ಅಂತ ಕೇಳಿದ್ರು. ಪೂರಾ ಹೇಳಿದೆ, ಪೂರಾ ಕೇಳಿದ್ರು.

ಕ್ಲಚ್ ಸುಟ್ರ ರೊಕ್ಕ ಹೋಗ್ತದ, ಅಷ್ಟ. ನನಗ ಅದಕ್ಕಿಂತ ಹೆಚ್ಚಿನ ಅಂಜಿಕಿ ಬ್ಯಾರೆ ಅದ. ಅವರು ಕೋಲು ಹಿಡದು ಇಳಿಯೋವಾಗ ಒಂದು ಕಾಲು ನೆಲದ ಮ್ಯಾಲೆ, ಒಂದು ಕಾಲು ಗಾಡ್ಯಾಗ ಇರ್ತದ. ಆ ಹೊತ್ತಿಗೆ ಗೇರು ಡಿ ಒಳಗಿದ್ದು, ನನ್ನ ಕಾಲು ಬ್ರೇಕಿನ ಮ್ಯಾಲಿಂದ ಚೂರು ಸಡಲಾದ್ರ, ಗಾಡಿ ಸಪ್ಪಳ ಇಲ್ಲದ ಮುಂದ ಸರೀತದ. ಮನ್ಯಾಗ ವಯಸ್ಸಾದವರು, ಸಣ್ಣ ಹುಡುಗ್ರು ಇದ್ದವರು ಇದೊಂದು ನೆನಪಿಡ್ರಿ: ಗೇರು ಪಿಗೆ ಬರಬೇಕು, ಹ್ಯಾಂಡ್‌ಬ್ರೇಕ್ ಏರಬೇಕು, ಆಮ್ಯಾಲೇ ಬಾಗಲಾ ತಗೀರಿ ಅನ್ನಬೇಕು. ನಮ್ಮನಿಯವರು ಈಗ ಬಾಗಲಾ ತಗಿಯೋಕಿಂತ ಮೊದ್ಲ "ಹಾಕಿದ್ಯಾ?" ಅಂತ ಕೇಳ್ತಾರ. "ಹಾಕೀನಿ, ಇಳೀರಿ" ಅಂತೀನಿ.